ಹುಲ್ಲೇ ಬೆಳೆ, ಎಮ್ಮೆಯೇ ಕಣಜ: ಅವಲಾಂಚ್ ಸುತ್ತಿನ ತೋಡರ ಮಂದುಗಳು

ಉತ್ತದ್ದು ಮಾತ್ರ ಹೊಲ, ಬಿತ್ತಿದ್ದು ಮಾತ್ರ ಬೆಳೆ ಎಂದು ರೈತರಾದ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಊರ ಮುಂದಿನ ಹುಲ್ಲುಗಾವಲನ್ನು ಕಂಡರೆ ಸುಮ್ಮನೆ ಬಿದ್ದಿರುವ ಜಾಗ ಎನ್ನುತ್ತೇವೆ. ದಫ್ತರಗಳಲ್ಲಿಯೂ ಅದಕ್ಕೆ ಪೊರಂಬೋಕು, ಖರಾಬು, ಬಂಜರು ಎಂಬ ಹೆಸರುಗಳೇ ಉಂಟು. ಆದರೆ ನೇಗಿಲು ಹಿಡಿಯದೆ, ಒಂದು ಕಾಳನ್ನೂ ಬಿತ್ತದೆ, ಹುಲ್ಲನ್ನೇ ಬೆಳೆಯೆಂದು ನಂಬಿ ನೂರಾರು ವರ್ಷ ಮಾನವಾಗಿ ಬಾಳಿದ ಜನರು ನಮ್ಮ ನೆರೆಯಲ್ಲಿಯೇ ಇರುವರು. ನೀಲಗಿರಿಯ ತೋಡರು ಅವರು. ಅವರ ಊರುಗಳಿಗೆ ಮಂದು ಎಂದು ಹೆಸರು. ಆ ಮಂದುಗಳು ಹೇಗೆ ಹುಟ್ಟಿದವು, ಅಲ್ಲಿ ದಿನ ಹೇಗೆ ಸಾಗುತ್ತಿತ್ತು, ಹುಲ್ಲನ್ನು ಬಂಜರೆಂದು ಎಣಿಸಿದ್ದರಿಂದ ಏನಾಯಿತು ಎಂಬುದನ್ನು ಈ ವಾರ ಓದುಗರ ಮುಂದಿಡುತ್ತೇವೆ. ಗೋಮಾಳ ಉಳಿದಿರುವ ಪ್ರತಿಯೊಂದು ಊರಿನವರೂ ಇದನ್ನು ಯೋಚಿಸಬೇಕಾಗಿದೆ.

ಬೆಟ್ಟದ ಮೇಲಿನ ಬಯಲು

ಉದಕಮಂಡಲದಿಂದ ಸುಮಾರು 28 ಕಿಲೋಮೀಟರು ದೂರದಲ್ಲಿ, ಕುಂದೆ ಬೆಟ್ಟಸಾಲಿನ ಮಗ್ಗುಲಲ್ಲಿ ಅವಲಾಂಚ್ ಇದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಬೆಟ್ಟದ ಒಂದು ಮೈಯೇ ಕುಸಿದು ಜಾರಿತು. ಇಂಗ್ಲಿಷರು ಅದನ್ನೇ ಊರಿನ ಹೆಸರಾಗಿ ಮಾಡಿದರು. ಮಳೆಗೆ ಇದು ಹೆಸರಾದ ಸ್ಥಳ. 2019ರ ಆಗಸ್ಟ್ ತಿಂಗಳ ಒಂದೇ ದಿನ, 24 ಗಂಟೆಗಳಲ್ಲಿ, 80 ಸೆಂಟಿಮೀಟರಿಗೂ ಹೆಚ್ಚು ಮಳೆ ಇಲ್ಲಿ ಸುರಿಯಿತು. ನಮ್ಮ ಬಯಲುಸೀಮೆಯ ಎಷ್ಟೋ ಹಳ್ಳಿಗಳು ಇಡೀ ವರ್ಷದಲ್ಲಿಯೂ ಇಷ್ಟು ಮಳೆ ಕಾಣುವುದಿಲ್ಲ.

ಇಷ್ಟು ಮಳೆ ಬೀಳುವ ಜಾಗ ಪೂರ್ತಿ ಕಾಡಾಗಿರಬೇಕಲ್ಲವೇ ಎಂದು ಓದುಗರು ಕೇಳಬಹುದು. ಹಾಗಿಲ್ಲ. ನೀರು ಹರಿಯುವ ಮಡಿಕೆಗಳಲ್ಲಿ, ಗಾಳಿಗೆ ಮರೆಯಾದ ಕಡೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಇದಕ್ಕೆ ಶೋಲೆ ಎನ್ನುವರು. ಉಳಿದ ದಿಣ್ಣೆ, ಇಳಿಜಾರು, ನೆತ್ತಿ ಎಲ್ಲವೂ ಹುಲ್ಲು. ಮಾಗಿಯ ರಾತ್ರಿಗಳಲ್ಲಿ ಬಯಲಿನ ಮೇಲೆ ಹಿಮ ಹೆಪ್ಪುಗಟ್ಟಿ ಮರದ ಎಳೆಯ ಸಸಿಗಳನ್ನು ಸುಟ್ಟುಬಿಡುತ್ತದೆ. ಹುಲ್ಲಾದರೋ ಬೇರಿನಿಂದ ಮತ್ತೆ ಚಿಗುರುತ್ತದೆ. ಜನ ಮರ ಕಡಿದದ್ದರಿಂದ ಈ ಬಯಲಾಯಿತೆಂದು ಹಿಂದೆ ಹೇಳುವವರಿದ್ದರು. ಆದರೆ ನೀಲಗಿರಿಯ ಜೌಗುಗಳಲ್ಲಿ ಪದರ ಪದರವಾಗಿ ಕೂತಿರುವ ಕಪ್ಪು ಮಣ್ಣನ್ನು ತೆಗೆದು ಪರೀಕ್ಷಿಸಿದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಪ್ರಕಾರ, 20,000 ವರ್ಷಗಳಷ್ಟು ಹಿಂದೆಯೂ ಇಲ್ಲಿ ಹುಲ್ಲಿತ್ತು. ಹವೆ ಬದಲಾದಂತೆ ಹುಲ್ಲೂ ಕಾಡೂ ಒಂದನ್ನೊಂದು ಹಿಂದೆ ಮುಂದೆ ತಳ್ಳುತ್ತ ಬಂದಿವೆ. ಮನುಷ್ಯನು ಇಲ್ಲಿ ಕೊಡಲಿ ಎತ್ತುವ ಎಷ್ಟೋ ಮೊದಲಿನ ಬಯಲು ಇದು.

ಎಮ್ಮೆಯ ಬಾಲ ಹಿಡಿದು ಬಂದವರು

ತಾವು ಎಲ್ಲಿಂದಲೋ ಬಂದವರೆಂದು ತೋಡರು ಹೇಳುವುದಿಲ್ಲ. ಓನ್ ಎಂಬ ದೇವರು ತನ್ನ ಹೆಂಡತಿಯೊಡನೆ ಕುಂದೆ ಬೆಟ್ಟದ ತುದಿಗೆ ಹೋಗಿ ಅಲ್ಲಿ ಉದ್ದವಾದ ಕಬ್ಬಿಣದ ಸಲಾಕೆಯೊಂದನ್ನು ಅಡ್ಡಲಾಗಿ ಇಟ್ಟನಂತೆ. ಅದರ ಒಂದು ತುದಿಯಲ್ಲಿ ಓನ್ ನಿಂತು ಭೂಮಿಯೊಳಗಿಂದ 1,600 ಎಮ್ಮೆಗಳನ್ನು ಬರಮಾಡಿದನು. ಇನ್ನೊಂದು ತುದಿಯಲ್ಲಿ ಹೆಂಡತಿ 1,800 ಎಮ್ಮೆಗಳನ್ನು ಬರಮಾಡಿದಳು. ಓನ್ ತಂದ ಎಮ್ಮೆಗಳಲ್ಲಿ ಕಟ್ಟಕಡೆಯದರ ಬಾಲ ಹಿಡಿದುಕೊಂಡು ಒಬ್ಬ ಮನುಷ್ಯ ಮೇಲೆ ಬಂದನು. ಅವನೇ ಮೊದಲನೆಯ ತೋಡ. ದೇವರು ತಂದವು ಗುಡಿಯ ಎಮ್ಮೆಗಳಾದವು, ದೇವಿ ತಂದವು ಮನೆಯ ಎಮ್ಮೆಗಳಾದವು. 1901-02ರಲ್ಲಿ ಇಲ್ಲಿಗೆ ಬಂದಿದ್ದ ರಿವರ್ಸ್ ಎಂಬ ಇಂಗ್ಲಿಷ್ ಪಂಡಿತರು ಈ ಕಥೆಯನ್ನು ಬರೆದಿಟ್ಟಿದ್ದಾರೆ. ಮೊದಲು ಎಮ್ಮೆ, ಆಮೇಲೆ ಮನುಷ್ಯ! ತೋಡರ ಬಾಳಿನ ಕ್ರಮವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹೊರಗಿನವರು ಮಾತ್ರ ಇವರ ಮೈಕಟ್ಟು, ಗಡ್ಡ, ಹೊದೆಯುವ ಬಟ್ಟೆಗಳನ್ನು ನೋಡಿ ನಾನಾ ಬಗೆಯಾಗಿ ಊಹಿಸಿದರು. ರೋಮಿನವರೆಂದರು, ಯೆಹೂದ್ಯರ ಕಳೆದುಹೋದ ಕುಲದವರೆಂದರು, ಸುಮೇರಿಯದವರೆಂದೂ ಹೇಳಿದರು. ಇವರ ಮಾತನ್ನು ಪರೀಕ್ಷಿಸಿದವರು ಈ ಊಹೆಗಳನ್ನು ಒಪ್ಪಲಿಲ್ಲ. 1930ರ ದಶಕದಲ್ಲಿ ಎಮೆನೋ ಎಂಬ ಭಾಷಾಪಂಡಿತರು ಇಲ್ಲಿ ಕಲೆಹಾಕಿದ ಸಾಮಗ್ರಿಯಿಂದ ತೋಡ ಭಾಷೆಯು ಕನ್ನಡ, ತಮಿಳು, ಕೋತ ಭಾಷೆಗಳ ಒಡಹುಟ್ಟು ಎಂಬುದು ಸ್ಪಷ್ಟವಾಗಿದೆ. ಮಂದು ಎಂಬ ಮಾತನ್ನೇ ನೋಡಿ. ಕೊಡಗಿನವರು ಊರಿನವರೆಲ್ಲ ಸೇರಿ ಕುಣಿಯುವ ಬಯಲಿಗೆ ಮಂದ್ ಎನ್ನುವರು.

ಕನ್ನಡಿಗರಿಗೆ ಇನ್ನೊಂದು ನಂಟೂ ಉಂಟು. ತೋಡರ ಹೆಸರು ಬರಹದಲ್ಲಿ ಮೊದಲು ಕಾಣುವುದು ಕನ್ನಡ ಶಾಸನವೊಂದರಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಗಿರಿಯನ್ನು ಹೊಕ್ಕ ಸಂಗತಿಯನ್ನು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಅಂದರೆ 900 ವರ್ಷಗಳ ಹಿಂದೆಯೇ ಇವರು ಈ ಬೆಟ್ಟದ ಒಡೆಯರಾಗಿ ಇಲ್ಲಿದ್ದರು.

ಮಂದಿನ ಕಟ್ಟೋಣ

ಒಂದು ಮಂದಿನಲ್ಲಿ ಮನೆಗಳು ಹೆಚ್ಚಿರುವುದಿಲ್ಲ. ಮೂರು, ನಾಲ್ಕು, ಐದು. ಶೋಲೆಯ ಅಂಚು, ಹತ್ತಿರ ಎಂದೂ ಬತ್ತದ ತೊರೆ, ಮುಂದೆ ಹುಲ್ಲಿನ ಇಳಿಜಾರು: ಈ ಮೂರೂ ಕೂಡಿದ ಕಡೆ ಮಂದು ಎಂದು ತಿಳಿಯಿರಿ. ಕಾಡು ಸೌದೆಯನ್ನೂ ಬೆತ್ತವನ್ನೂ ಗಾಳಿಗೆ ಮರೆಯನ್ನೂ ಕೊಡುತ್ತದೆ, ಹುಲ್ಲು ಎಮ್ಮೆಗೆ ಮೇವು ಕೊಡುತ್ತದೆ. ನಾವು ಮನೆಗೆ ನಿವೇಶನ ಹುಡುಕುವಾಗ ರಸ್ತೆಯನ್ನು ನೋಡುತ್ತೇವೆ. ಅವರು ನೀರನ್ನು ನೋಡಿದರು.

ಹಳೆಯ ಕ್ರಮದ ಮನೆ ನೆಲದ ಮೇಲೆ ಕವುಚಿ ಹಾಕಿದ ಅರ್ಧ ಪೀಪಾಯಿಯಂತೆ ಕಾಣುತ್ತದೆ. ಸುಮಾರು 18 ಅಡಿ ಉದ್ದ, 9 ಅಡಿ ಅಗಲ, 10 ಅಡಿ ಎತ್ತರ. ಬಿದಿರನ್ನು ಬಾಗಿಸಿ, ಬೆತ್ತದಿಂದ ಬಿಗಿದು, ಮೇಲೆ ಹುಲ್ಲು ಹೊದಿಸುವರು. ಬಾಗಿಲು ಮೂರು ಅಡಿ ಮಾತ್ರ. ಮೊಳಕಾಲೂರಿ ತೆವಳಿಕೊಂಡೇ ಒಳಗೆ ಹೋಗಬೇಕು. ಚಳಿಗಾಳಿಗೂ ಕಾಡುಮೃಗಕ್ಕೂ ಇದಕ್ಕಿಂತ ಒಳ್ಳೆಯ ತಡೆ ಇಲ್ಲ. ಗುಡಿಯ ಮಾಡಿಗೆ ಸಿಕ್ಕಿದ ಹುಲ್ಲೆಲ್ಲ ನಡೆಯುವುದಿಲ್ಲ. ಜೌಗಿನಲ್ಲಿ ಬೆಳೆಯುವ ಅವ್ಫುಲ್ ಎಂಬ ಹುಲ್ಲೇ ಆಗಬೇಕು. ಜೌಗು ಒಣಗಿದರೆ ಗುಡಿಗೆ ಹೊದಿಕೆ ಇಲ್ಲವೆಂದೇ ಅರ್ಥ.

ಹಾಲುಮನೆಯೇ ದೇವಸ್ಥಾನ

ತೋಡರ ಗುಡಿಯಲ್ಲಿ ನಾವು ಕಾಣುವಂತಹ ಮೂರ್ತಿಯಿಲ್ಲ. ಅಲ್ಲಿ ನಡೆಯುವ ಪೂಜೆಯೆಂದರೆ ಹಾಲು ಕರೆಯುವುದು, ಹೆಪ್ಪು ಹಾಕುವುದು, ಮೊಸರು ಕಡೆಯುವುದು, ಬೆಣ್ಣೆ ಕಾಯಿಸುವುದು. ಇದನ್ನು ಮಾಡುವವನೇ ಪೂಜಾರಿ. ಪೂಜಾರಿಯಾಗಿರುವಷ್ಟು ದಿನವೂ ಅವನು ಕಟ್ಟುನಿಟ್ಟಿನ ವ್ರತದಲ್ಲಿರುವನು. ಗುಡಿಗೆ ಬೇರೆ ನೀರು, ಮನೆಗೆ ಬೇರೆ ನೀರು. ತೊರೆ ಒಂದೇ ಆದರೂ ಮೇಲಿನ ಪಾಲು ಹಾಲಿಗೆ, ಕೆಳಗಿನ ಪಾಲು ಜನಕ್ಕೆ. ಒಳಕೋಣೆಯಲ್ಲಿ ಹಾಲು ಮುಟ್ಟುವ ಪಾತ್ರೆಗಳಿರುವವು; ಹೊರಗೆ ಹೋಗಿ ಬರುವ ಪಾತ್ರೆಗಳು ಬೇರೆ. ಒಂದನ್ನು ಇನ್ನೊಂದಕ್ಕೆ ತಾಗಿಸುವಂತಿಲ್ಲ. ಒಳಗಿನ ಬೆಣ್ಣೆ ಮಜ್ಜಿಗೆಗಳು ನಡುವಿನ ಪಾತ್ರೆಯೊಂದರ ಮೂಲಕವೇ ಹೊರಗೆ ಬರಬೇಕು. ಹೆಂಗಸರಿಗೆ ಹಾಲುಮನೆಯೊಳಗೆ ಪ್ರವೇಶವಿಲ್ಲ. ಅವರು ನಡೆಯುವ ದಾರಿಯೂ ಬೇರೆ. ಇದರಲ್ಲಿ ಮಡಿಯೆಷ್ಟು, ಶುಚಿಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಇಂದಿನ ಹಾಲಿನ ಕೇಂದ್ರದಲ್ಲಿ ನೀರು ಮತ್ತು ಪಾತ್ರೆಯ ಚೊಕ್ಕಟವನ್ನು ಕುರಿತು ರೈತರಿಗೆ ಹೇಳಿಕೊಡುವ ಪಾಠವನ್ನು ಈ ಜನರು ದೇವರ ಹೆಸರಿನಲ್ಲಿ ಎಂದೋ ಕಲಿತಿದ್ದರು.

ಹೆಪ್ಪಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ನಾವು ಹೆಪ್ಪು ಎನ್ನುವುದನ್ನು ಅವರು ಪೆಪ್ ಎನ್ನುವರು. ನಿನ್ನೆಯ ಮಜ್ಜಿಗೆಯಿಂದ ಇಂದಿನ ಹಾಲು, ಇಂದಿನದರಿಂದ ನಾಳೆಯದು, ಹೀಗೆ ಹಾಲುಮನೆಯ ಹೆಪ್ಪು ತಲೆಮಾರಿನಿಂದ ತಲೆಮಾರಿಗೆ ನಡೆದುಬರಬೇಕು. ಅದು ಕೆಟ್ಟರೆ ಹೊಸದನ್ನು ಮಾಡಲು ದೊಡ್ಡ ಶಾಸ್ತ್ರವೇ ಆಗಬೇಕು. ನಮ್ಮಲ್ಲಿ ಹೆಪ್ಪು ಮುಗಿದರೆ ನೆರೆಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ಅವರಿಗೆ ಅದು ವಂಶದ ದೀಪ.

ಮನೆಯ ದಿನಚರಿಯೂ ಎಮ್ಮೆಯನ್ನೇ ಹಿಂಬಾಲಿಸುತ್ತದೆ. ಬೆಳಗಾಗುತ್ತಲೇ ಗಂಡಸರು ಸೂರ್ಯನಿಗೆ ಕೈಮುಗಿದು ದೊಡ್ಡಿಯಿಂದ ಎಮ್ಮೆ ಬಿಟ್ಟು, ಹಾಲು ಕರೆದು, ಕಡೆಗೋಲಿಗೆ ಕೂಡುವರು. ಹಗಲೆಲ್ಲ ಮಂದೆ ಇಳಿಜಾರಿನಲ್ಲಿ ಮೇಯುವುದು. ಸಂಜೆ ಮತ್ತೆ ಕರೆದು, ದೊಡ್ಡಿಗೆ ಸೇರಿಸಿ, ದೀಪಕ್ಕೂ ಎಮ್ಮೆಗೂ ನಮಸ್ಕರಿಸುವರು. ಪ್ರತಿಯೊಂದು ಎಮ್ಮೆಗೂ ಹೆಸರುಂಟು; ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂಬುದು ಬಾಯಿಪಾಠ. ವರ್ಷದಲ್ಲಿ ಗೊತ್ತಾದ ದಿನಗಳಲ್ಲಿ ಮಂದೆಗೆ ಉಪ್ಪುನೀರು ಕೊಡುವುದು ಒಂದು ಹಬ್ಬ. ತೋಡರು ಮಾಂಸ ತಿನ್ನುವುದಿಲ್ಲ. ಅನ್ನ, ಹಾಲು, ಮಜ್ಜಿಗೆ, ತುಪ್ಪ ಇವೇ ಆಹಾರ. ಹೆಂಗಸರು ಬಿಳಿಯ ಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ, ನೇಯ್ಗೆಯೆಂದೇ ತೋರುವಷ್ಟು ಒತ್ತಾಗಿ ಕಸೂತಿ ಹಾಕುವರು. ಪುತುಕುಳಿ ಎಂಬ ಈ ಹೊದಿಕೆಯ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕಿರಿಯರು ಬಗ್ಗಿದರೆ ಹಿರಿಯರು ಪಾದವನ್ನು ಅವರ ಹಣೆಗೆ ಮುಟ್ಟಿಸಿ ಹರಸುವುದು ಇವರ ಗೌರವದ ಕ್ರಮ.

ಈ ಎಮ್ಮೆಯೂ ನಮ್ಮ ಊರಿನ ಎಮ್ಮೆಯಂತಲ್ಲ. ಬೂದಿ ಇಲ್ಲವೆ ಕಂದು ಮೈ, ಬಿದಿಗೆಯ ಚಂದ್ರನಂತೆ ಅಗಲವಾಗಿ ಬಾಗಿದ ಕೊಂಬು. ನೀಲಗಿರಿಯ ಹೊರತು ಬೇರೆಲ್ಲಿಯೂ ಈ ತಳಿಯಿಲ್ಲ. ಹಾಲು ಕಡಿಮೆ, ದಿನಕ್ಕೆ ನಾಲ್ಕೈದು ಲೀಟರು ಕೊಟ್ಟರೆ ಹೆಚ್ಚು. ಆದರೆ ಕೊಬ್ಬು ನೂರಕ್ಕೆ ಎಂಟರಷ್ಟು. ಹಿಂಡಿ ಬೂಸಾ ಕೇಳದೆ, ಹಿಮ ಮಳೆಗಳಿಗೆ ಅಂಜದೆ, ಬರಿಯ ಬೆಟ್ಟದ ಹುಲ್ಲನ್ನು ತುಪ್ಪವಾಗಿ ಮಾರ್ಪಡಿಸುವ ಪ್ರಾಣಿ ಇದು.

ಮೇವಿನ ಲೆಕ್ಕ

ಒಂದೇ ಕಡೆ ಮೇಯಿಸಿದರೆ ಹುಲ್ಲು ಸಾಯುತ್ತದೆಂಬುದು ತೋಡರಿಗೆ ಗೊತ್ತಿತ್ತು. ಆದುದರಿಂದ ಒಂದೊಂದು ಕುಲಕ್ಕೂ ಬೇರೆ ಬೇರೆ ಕಡೆ ಹಲವು ಮಂದುಗಳು. ಮಾಗಿಯ ಹಿಮಕ್ಕೆ ಹತ್ತಿರದ ಹುಲ್ಲು ಕರಟಿದಾಗ ಎಮ್ಮೆ, ಹಾಲಿನ ಪಾತ್ರೆ, ಹೆಂಡಿರು ಮಕ್ಕಳೊಡನೆ ತೇವ ಹೆಚ್ಚಿರುವ ಪಡುವಣ ಬೆಟ್ಟಗಳಿಗೆ ಹೊರಡುವರು. ಅವಲಾಂಚಿನ ಆಚೆಯ ಕುಂದೆಯ ಬಯಲುಗಳು ಅಂತಹ ಬೇಸಿಗೆಯ ಮೇವು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಹಿಂದಕ್ಕೆ ಬರುವರು. ಒಣಗಿ ಜಡ್ಡುಗಟ್ಟಿದ ಹುಲ್ಲಿಗೆ ಕಾಲ ನೋಡಿ ಕಿಚ್ಚಿಟ್ಟು ಹೊಸ ಚಿಗುರು ತರಿಸುವುದೂ ಉಂಟಾಗಿತ್ತು. ಖಾಲಿ ಮಂದನ್ನು ನೋಡಿದ ಅಧಿಕಾರಿಗೆ ಅದು ಬಿಟ್ಟುಹೋದ ಊರಿನಂತೆ ಕಂಡಿರಬಹುದು. ತೋಡನಿಗಾದರೋ ಅದು ವಿಶ್ರಾಂತಿಗೆ ಬಿಟ್ಟ ಹೊಲ.

ಧಾನ್ಯ, ಗಡಿಗೆ, ಕಬ್ಬಿಣಗಳಿಗೆ ನೆರೆಯವರಿದ್ದರು. ಬಡಗಣಿಂದ, ಅಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿದ ನಮ್ಮ ನುಡಿಬಂಧುಗಳಾದ ಬಡಗರು ಹಟ್ಟಿ ಕಟ್ಟಿ ಬೇಸಾಯ ಹೂಡಿದ್ದರು. 1603ರಲ್ಲಿ ಈ ಬೆಟ್ಟಕ್ಕೆ ಬಂದ ಫೆನಿಸಿಯೊ ಎಂಬ ಪಾದ್ರಿ ಇವರಿಬ್ಬರನ್ನೂ ಕಂಡು ಬರೆದಿದ್ದಾನೆ. ಬಡಗರು ಕಾಳು ಕೊಡುವರು. ಕೋತರು ಗಡಿಗೆ, ಕತ್ತಿ ಕೊಡುಗೋಲು ಮಾಡಿಕೊಟ್ಟು ಸಾವಿನ ಮನೆಯಲ್ಲಿ ವಾದ್ಯ ನುಡಿಸುವರು. ಕುರುಂಬರು ಕಾಡಿನಿಂದ ಜೇನು, ಬಿದಿರು ತರುವರು. ತೋಡರು ಹಾಲು, ತುಪ್ಪ ಕೊಡುವರು. ದುಡ್ಡಿನ ಮುಖ ಕಾಣದೆ ನಾಲ್ಕು ಕುಲಗಳ ಸಂಸಾರ ಹೀಗೆ ಸಾಗಿತ್ತು. ಸಂತೆ, ಅಂಗಡಿ, ಕೂಲಿಗಳು ಬಂದ ಮೇಲೆ, 1930ರ ದಶಕದ ಸುಮಾರಿಗೆ, ಈ ಕಟ್ಟು ಸಡಿಲವಾಯಿತು.

ಹುಲ್ಲು ಹೋದ ಬಗೆ

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಸಲಿವನ್ ಬೆಟ್ಟ ಹತ್ತಿದನು. ಅವನು ತೋಡರಿಂದ ನೆಲ ಕೊಂಡು ಮನೆ ಕಟ್ಟಿದನಲ್ಲದೆ, ಈ ಬೆಟ್ಟದ ಮೇಲೆ ತೋಡರಿಗೆ ಹಕ್ಕುಂಟೆಂದೂ ವಾದಿಸಿದನು. ಅವನ ನಂತರ ಬಂದವರಿಗೆ ಅದು ರುಚಿಸಲಿಲ್ಲ. ಮಂದೊಂದಕ್ಕೆ ಇಷ್ಟು ಎಂದು ನೆಲ ಗೊತ್ತುಮಾಡಿ, ಉಳಿದುದನ್ನು ಸರ್ಕಾರದ ಅರಣ್ಯವೆಂದರು. ಕಿಚ್ಚಿಡುವುದು ಅಪರಾಧವಾಯಿತು. ಸೌದೆಗೆಂದು ಆಸ್ಟ್ರೇಲಿಯದಿಂದ ವ್ಯಾಟಲ್ ಮರವೂ, ನಾವು ನೀಲಗಿರಿ ಮರವೆಂದು ಕರೆಯುವ ಯೂಕಲಿಪ್ಟಸ್ ಮರವೂ 1840ರ ದಶಕದ ಸುಮಾರಿಗೆ ಬಂದವು. ದೂರದ ದ್ವೀಪದ ಮರಕ್ಕೆ ನಮ್ಮ ಬೆಟ್ಟದ ಹೆಸರೇ ಅಂಟಿಕೊಂಡಿತು! ಸ್ವಾತಂತ್ರ್ಯಾನಂತರ ಚರ್ಮ ಹದಮಾಡುವ ತೊಗಟೆಗೆಂದೂ ಕೃತಕ ನೂಲಿನ ಕಾರ್ಖಾನೆಗೆಂದೂ ಈ ನೆಡುತೋಪುಗಳು ಇನ್ನಷ್ಟು ಹಬ್ಬಿದವು. ಇತ್ತ ಚಹಾ, ಆಲೂಗಡ್ಡೆಗಳು ಇಳಿಜಾರನ್ನು ಏರಿದವು. 1950-60ರ ದಶಕಗಳಲ್ಲಿ ಕುಂದೆ ವಿದ್ಯುತ್ ಯೋಜನೆಯ ಅಣೆಕಟ್ಟುಗಳು ಎದ್ದು, ಅವಲಾಂಚ್ ಮತ್ತು ಎಮರಾಲ್ಡ್ ಕಣಿವೆಗಳ ಹುಲ್ಲೂ ಜೌಗೂ ನೀರಿನಡಿ ಮುಳುಗಿದವು. ವಿದ್ಯುತ್ತು, ಕೂಲಿ, ಬೆಳೆ ಇವು ಜನಕ್ಕೆ ಬೇಕಾದವುಗಳೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಯೋಜನೆಗಳಲ್ಲಿಯೂ ಹುಲ್ಲಿನ ಬೆಲೆ ಸೊನ್ನೆಯೆಂದೇ ಹಿಡಿಯಲಾಯಿತು.

ಅದು ಸೊನ್ನೆಯಲ್ಲವೆಂಬುದಕ್ಕೆ ಲೆಕ್ಕವೇ ಇದೆ. ಉದಕಮಂಡಲದ ಮಣ್ಣು-ನೀರು ಸಂರಕ್ಷಣಾ ಸಂಶೋಧನ ಕೇಂದ್ರದವರು ಗ್ಲೆನ್‌ಮಾರ್ಗನ್ನಿನಲ್ಲಿ ಪಕ್ಕಪಕ್ಕದ ಎರಡು ಹಳ್ಳಗಳನ್ನು ಆರಿಸಿ, ಒಂದರ ಬಯಲನ್ನು ಹುಲ್ಲಾಗಿಯೇ ಬಿಟ್ಟು, ಇನ್ನೊಂದರಲ್ಲಿ ನೀಲಗಿರಿ ಮರ ನೆಟ್ಟು, ಹರಿಯುವ ನೀರನ್ನು ವರ್ಷಗಟ್ಟಲೆ ಅಳೆದರು. ಮರ ನೆಟ್ಟ ಹಳ್ಳದಲ್ಲಿ ನೀರು ಮೊದಲ ಹತ್ತು ವರ್ಷಗಳಲ್ಲಿ ನೂರಕ್ಕೆ 16ರಷ್ಟು ತಗ್ಗಿತು. ಮರ ಕಡಿದು ಮತ್ತೆ ಚಿಗುರಿಸಿದ ಎರಡನೆಯ ಸುತ್ತಿನಲ್ಲಿ ನೂರಕ್ಕೆ 25ರಷ್ಟು ತಗ್ಗಿತು. ಬೆಟ್ಟದ ಕೆಳಗಿನ ರೈತನು ಇದನ್ನು ಎರಡು ಬಾರಿ ಓದಬೇಕು. ಭವಾನಿಯ ನೀರು ಹೊರಡುವುದು ಈ ಹುಲ್ಲಿನ ಬುಡದಿಂದಲೇ.

ಆಲೂಗಡ್ಡೆಯ ಪಾಠವೂ ಉಂಟು. ವರ್ಷ ವರ್ಷವೂ ಅದೇ ಬೆಳೆ ಇಟ್ಟ ನೆಲದಲ್ಲಿ ಬೇರು ತಿನ್ನುವ ಚಿನ್ನದ ಬಣ್ಣದ ಕೋಶಗಳ ಜಂತುಹುಳು ಇರುವುದು 1961ರಲ್ಲಿ ಪತ್ತೆಯಾಯಿತು. ನೀಲಗಿರಿಯ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ತಡೆ ಬಿತ್ತು. ನೂರಾರು ವರ್ಷ ಎಮ್ಮೆ ಮೇಯಿಸಿದ ನೆಲ ಫಲವತ್ತಾಗಿಯೇ ಇತ್ತು.

ಈ ಕಥೆ ನೀಲಗಿರಿಯೊಂದರದೇ ಅಲ್ಲ. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ರುಪುನುನಿ ಎಂಬ ದೊಡ್ಡ ಹುಲ್ಲುಗಾವಲು ಇದೆ. ಅಲ್ಲಿನ ಮೂಲನಿವಾಸಿಗಳಾದ ಮಕುಶಿ, ವಪಿಶಾನ ಜನರು ಬಯಲಿನಲ್ಲಿ ಮನೆ ಕಟ್ಟಿ, ಅಂಚಿನ ಕಾಡಿನಲ್ಲಿ ಮರಗೆಣಸು ಬೆಳೆದು, ತಾಳೆಜಾತಿಯ ಗರಿ ಹೊದಿಸಿದ ಮನೆಗಳಲ್ಲಿ ಬಾಳುವರು. ಹೊರಗಿನಿಂದ ಬಂದ ದನಗಾಹಿ ಒಡೆಯರು ಅಲ್ಲಿಯೂ ಬಯಲನ್ನು ಖಾಲಿಯೆಂದೇ ತಿಳಿದರು. ಹುಲ್ಲಿನ ಮೇಲೆ ಬಾಳುವವನಿಗೆ ಬೇಲಿಯಿಲ್ಲ. ಬೇಲಿಯಿಲ್ಲದವನಿಗೆ ಹಕ್ಕೂ ಇಲ್ಲವೆಂಬುದು ಎಲ್ಲ ದೇಶಗಳ ದಫ್ತರದ ಬುದ್ಧಿಯೆಂದು ತೋರುತ್ತದೆ.

ಈಗಿನ ಮಂದು

ತೋಡರು ಅಳಿದುಹೋಗುವರೆಂದು ಹಿಂದೆ ಹಲವರು ಬರೆದರು. ಅದು ಸುಳ್ಳಾಯಿತು. 1901ರ ಜನಗಣತಿಯಲ್ಲಿ ಸುಮಾರು 800 ಇದ್ದವರು 2011ರಲ್ಲಿ ಸುಮಾರು 2,000 ಆಗಿದ್ದರು. ಮಕ್ಕಳು ಓದಿ ಉದ್ಯೋಗಗಳಿಗೆ ಸೇರಿದ್ದಾರೆ. ಬಹುಮಟ್ಟಿಗೆ ಎಲ್ಲರೂ ಗಾರೆಯ ಮನೆಗಳಲ್ಲಿರುವರು. ಕ್ಯಾರೆಟ್, ಆಲೂಗಡ್ಡೆ ಬೆಳೆಯುವವರೂ ಇದ್ದಾರೆ. ಆದರೆ ಗುಡಿ ಹಳೆಯ ಕ್ರಮದಲ್ಲಿಯೇ ಇದೆ. ಅದರ ಹೊದಿಕೆ ಬದಲಾಯಿಸುವ ದಿನ ಎಲ್ಲರೂ ಕೂಡುವರು. ಕಡಿಮೆಯಾಗಿರುವುದು ಎಮ್ಮೆ. ಮೇವಿಲ್ಲ, ಕಾಯುವವರಿಲ್ಲ. ಎಮ್ಮೆಯಿಲ್ಲದಿದ್ದರೆ ಹಾಲುಮನೆಯಲ್ಲಿ ಕಡೆಯುವುದೇನು?

ಕಣ್ಣು ತೆರೆದ ಲಕ್ಷಣಗಳೂ ಕಾಣುತ್ತಿವೆ. ತಮಿಳುನಾಡು ಅರಣ್ಯ ಇಲಾಖೆ ಕೆಲವು ಕಡೆ ವ್ಯಾಟಲ್ ಮರಗಳನ್ನು ತೆಗೆಸಿ ಹುಲ್ಲನ್ನು ಮರಳಿ ಬೆಳೆಸುವ ಕೆಲಸಕ್ಕೆ ಕೈಹಾಕಿದೆ. ಮರ ಕಡಿಯುವುದು ಒಂದು ವಾರದ ಕೆಲಸ. ಮಣ್ಣಿನಲ್ಲಿ ಅಡಗಿರುವ ವ್ಯಾಟಲ್ ಬೀಜ ಮಾತ್ರ ವರ್ಷಗಟ್ಟಲೆ ಮೊಳೆಯುತ್ತಲೇ ಇರುತ್ತದೆ. ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ.

ನಮ್ಮ ಊರಿನ ಮಾತು

ರೈತಬಂಧುಗಳು ತಮ್ಮ ಊರಿನ ಹುಲ್ಲುಗಾವಲನ್ನು ಕುರಿತು ಇಷ್ಟನ್ನಾದರೂ ಮಾಡಬಹುದು.

ಒಂದು: ಗೋಮಾಳದಲ್ಲಿ ಎಷ್ಟು ರಾಸು ಮೇಯುತ್ತವೆ, ಎಷ್ಟು ಊಟೆ ತೊರೆಗಳಿವೆ ಎಂಬುದನ್ನು ಬರೆದಿಡಿ. ಬಂಜರೆಂದು ಯಾರಾದರೂ ಕೇಳಲು ಬಂದಾಗ ಈ ಪಟ್ಟಿಯೇ ಉತ್ತರ.

ಎರಡು: ಮರ ನೆಡುವ ಉತ್ಸಾಹ ಒಳ್ಳೆಯದೇ. ಆದರೆ ಹಳ್ಳದ ತಲೆಯಲ್ಲಿ, ಊಟೆಯ ಮೇಲೆ ನೀಲಗಿರಿ ಮರ ಬೇಡ. ಬೇಲಿಯ ಸಾಲಿನಲ್ಲಿ, ಮನೆಯ ಹಿತ್ತಲಿನಲ್ಲಿ, ಮೇವಿಗಾಗುವ ಮರಗಳನ್ನು ನೆಡಿ.

ಮೂರು: ಗೋಮಾಳವನ್ನು ಮೂರು ನಾಲ್ಕು ಪಾಲು ಮಾಡಿ, ಸರದಿಯಂತೆ ಒಂದು ಪಾಲಿಗೆ ವಿಶ್ರಾಂತಿ ಕೊಡಿ. ತೋಡರು ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಮಾಡಿದುದನ್ನು ನಾವು ಊರಲ್ಲಿಯೇ ಮಾಡಬಹುದು.

ನಾಲ್ಕು: ಸೀಮೆಯ ತಳಿಯನ್ನು ಪೂರ್ತಿ ಕೈಬಿಡಬೇಡಿ. ಡೇರಿಯಲ್ಲಿ ಬೆಲೆ ಕಟ್ಟುವಾಗ ಕೊಬ್ಬಿಗೂ ಲೆಕ್ಕವುಂಟು.

ಐದು: ಕಾಡಿನಂಚಿನ ಊರಿನವರು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಓದಿಸಿ ಕೇಳಿ. ವಾಸದ ನೆಲಕ್ಕೆ ಮಾತ್ರವಲ್ಲದೆ, ಹಿಂದಿನಿಂದ ಮೇಯಿಸಿ ಬಂದ ಜಾಗಕ್ಕೂ ಊರಿನವರೆಲ್ಲ ಸೇರಿ ಗ್ರಾಮಸಭೆಯ ಮೂಲಕ ಹಕ್ಕು ಕೇಳಲು ಅದರಲ್ಲಿ ಅವಕಾಶವಿದೆ.

ಪುಣಿಸನ ಕಾಲದಲ್ಲಿ ತೋಡರನ್ನು ಬೆದರಿಸಲು ದಂಡು ಬೇಕಾಯಿತು. ನಮ್ಮ ಕಾಲದಲ್ಲಿ ಬಂಜರು ಎಂಬ ಮೂರಕ್ಷರವೇ ಸಾಕಾಯಿತು. ಆ ಮಾತನ್ನು ನಮ್ಮ ಊರಿನ ಹುಲ್ಲಿನ ಮೇಲೆ ಯಾರಾದರೂ ಬರೆಯುವ ಮೊದಲು, ಅಲ್ಲಿ ಮೇಯುವ ಎಮ್ಮೆಯನ್ನು ಒಮ್ಮೆ ತೋರಿಸುವ ಜವಾಬ್ದಾರಿ ನಮ್ಮದು.